ಆಟದ ಕಂಬಿಯೂ ತಿದ್ದುವವನ ಧರ್ಮವೂ

ಧರ್ಮಾಧರ್ಮಗಳ ವಿಚಾರವೆಂದೊಡನೆ ನಮ್ಮ ಮನಸ್ಸು ರಾಜ್ಯಗಳ ಯುದ್ಧಕ್ಕೋ, ಧನಿಕರ ಲೋಭಕ್ಕೋ, ಮಹಾಪುರುಷರ ತ್ಯಾಗಕ್ಕೋ ಓಡುವುದು ಸಹಜ. ಆದರೆ ನಡತೆಯ ಸೂಕ್ಷ್ಮಪ್ರಶ್ನೆಗಳು ಅನೇಕವೇಳೆ ಚಿಕ್ಕ ವಸ್ತುಗಳಲ್ಲಿಯೇ ಅಡಗಿಕೊಂಡಿರುವುವು. ದೊಡ್ಡ ವಿಷಯಗಳಲ್ಲಿ ಲೋಕದ ಕಣ್ಣು ನಮ್ಮ ಮೇಲಿರುವುದರಿಂದ ಎಚ್ಚರಿಕೆಯಿಂದ ನಡೆಯುತ್ತೇವೆ. ಚಿಕ್ಕ ವಿಷಯಗಳಲ್ಲಿ ನೋಡುವವರಿಲ್ಲ. ಅದರಲ್ಲಿಯೂ ಮನೆಯೊಳಗೆ, ನಮಗಿಂತ ಕಿರಿಯರಾದವರಿಗೆ, ಅವರ ಹಿತಕ್ಕಾಗಿಯೇ ಮಾಡುತ್ತಿರುವೆವೆಂಬ ನಂಬಿಕೆಯಿಂದ ನಾವು ಮಾಡುವ ಕಾರ್ಯಗಳನ್ನು ಪ್ರಶ್ನಿಸಿಕೊಳ್ಳುವುದು ಬಹಳ ಅಪೂರ್ವ. ಅಂತಹ ಒಂದು ಕಾರ್ಯವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳುತ್ತೇನೆ. ಮಗುವಿನ ಆಟದ ರೈಲಿಗೆ ಮೊದಲು ಹಾಸಿದ ಕಂಬಿಯನ್ನು ಕಿತ್ತು ಅದಕ್ಕಿಂತ ಉತ್ತಮವಾದ ಕಂಬಿಯನ್ನು ಹಾಸುವುದೇ ಆ ಕಾರ್ಯ. ವಿಷಯವು ಅಲ್ಪವೆಂದು ವಾಚಕರು ನಗಬಾರದು. ತಿದ್ದುವವನಿಗೂ ತಿದ್ದಿಸಿಕೊಳ್ಳುವವನಿಗೂ ಇರುವ ಸಂಬಂಧವೇನೆಂಬ ಪ್ರಶ್ನೆ ಇಲ್ಲಿ ಅಂಗೈಯಗಲದ ಸ್ಥಳದಲ್ಲಿ ಪೂರ್ತಿಯಾಗಿ ಕಾಣುವುದು.

ಮೊದಲು ಈ ಆಟದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಜರ್ಮನಿಯ ಮಾರ್ಕ್ಲಿನ್ ಕಂಪೆನಿಯವರು 1891ರಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ, ಕೀಲಿ ಕೊಟ್ಟರೆ ಓಡುವ ರೈಲನ್ನೂ ಅದಕ್ಕೆ ತಕ್ಕ ಕಂಬಿಗಳನ್ನೂ ಪ್ರದರ್ಶನಕ್ಕಿಟ್ಟರು. ಆಟದ ರೈಲುಗಳು ಅದಕ್ಕೆ ಮೊದಲೂ ಇದ್ದುವು. ಹೊಸದಾದದ್ದೇನೆಂದರೆ, ಕಂಬಿಯ ತುಂಡುಗಳನ್ನು ಗೊತ್ತಾದ ಅಳತೆಗಳಲ್ಲಿ ತಯಾರಿಸಿ, ಈ ವರ್ಷ ಕೊಂಡುದಕ್ಕೆ ಮುಂದಿನ ವರ್ಷ ಇನ್ನಷ್ಟನ್ನು ಸೇರಿಸಬಹುದೆಂಬ ಏರ್ಪಾಡು. ಈ ಆಟಕ್ಕೆ ಬೆಳೆಯುವ ಗುಣವನ್ನು ತಂದುಕೊಟ್ಟುದು ಎಂಜಿನಲ್ಲ, ಕಂಬಿ ಎಂಬುದನ್ನು ನೆನಪಿನಲ್ಲಿಡಬೇಕು. ಇಂಗ್ಲೆಂಡಿನಲ್ಲಿ ಮೆಕ್ಯಾನೋ ಎಂಬ ಜೋಡಣೆಯ ಆಟಿಕೆಯಿಂದ ಪ್ರಸಿದ್ಧನಾಗಿದ್ದ ಫ್ರಾಂಕ್ ಹಾರ್ನ್‌ಬಿಯು 1920ರಲ್ಲಿ ತನ್ನ ಹೆಸರಿನ ರೈಲುಗಳನ್ನು ಹೊರತಂದನು. ಅವನು 1936ರಲ್ಲಿ ತೀರಿಕೊಂಡ ಮೇಲೆ, 1938ರಲ್ಲಿ ಅದೇ ಕಂಪೆನಿಯವರು ಊಟದ ಮೇಜಿನ ಮೇಲೆ ಓಡಿಸಬಹುದಾದ ‘ಡಬ್ಲೋ’ ಎಂಬ ಸಣ್ಣ ರೈಲನ್ನು ತಯಾರಿಸಿದರು. ಅದರ ಎರಡು ಕಂಬಿಗಳ ನಡುವಣ ಅಂತರ, ಎಂದರೆ ಗೇಜು, 16.5 ಮಿಲಿಮೀಟರು. ಇಂದಿಗೂ ಪ್ರಪಂಚದಲ್ಲಿ ಬಹಳ ಮಂದಿ ಇದೇ ಗೇಜಿನ ಕಂಬಿಯ ಮೇಲೆ ಆಟವಾಡುತ್ತಿರುವರು.

ಪ್ರಾರಂಭಿಕನಿಗೆ ದೊರೆಯುವ ಪೆಟ್ಟಿಗೆಯಲ್ಲಿ ಒಂದು ಎಂಜಿನು, ಎರಡು ಮೂರು ಬಂಡಿಗಳು, ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುವ ಒಂದು ಸಲಕರಣೆ, ಅಂಡಾಕಾರವಾಗಿ ಜೋಡಿಸತಕ್ಕ ಕಂಬಿಯ ತುಂಡುಗಳು ಇರುವುವು. ಬಾಗಿದ ತುಂಡೊಂದು ವೃತ್ತದ ಎಂಟನೆಯ ಒಂದು ಪಾಲು. ಎಂಟನ್ನು ಸೇರಿಸಿದರೆ ವೃತ್ತವು ಮುಚ್ಚಿಕೊಳ್ಳುವುದು. ತುಂಡುಗಳ ತುದಿಯಲ್ಲಿ ಫಿಷ್‌ಪ್ಲೇಟೆಂಬ ಸಣ್ಣ ತಗಡುಗಳಿವೆ. ಒಂದರೊಳಗೊಂದನ್ನು ತೂರಿಸಿದರೆ ದಾರಿ ಕೂಡುವುದು, ಎಳೆದರೆ ಬಿಡುವುದು. ಎಂಜಿನಿಗೆ ಬೇಕಾದ ವಿದ್ಯುತ್ತು, ಸಾಮಾನ್ಯವಾಗಿ 12 ವೋಲ್ಟು, ಕಂಬಿಗಳ ಮೂಲಕವೇ ಹರಿದು ಚಕ್ರಗಳಿಗೆ ಸೇರುವುದು. ಹೀಗೆ ಕಂಬಿಯು ರೈಲಿಗೆ ದಾರಿಯೂ ಹೌದು, ಆಹಾರವೂ ಹೌದು. ಏಳೆಂಟು ವರ್ಷದ ಮಗು ಯಾರ ಸಹಾಯವೂ ಇಲ್ಲದೆ ಇದನ್ನು ನೆಲದ ಮೇಲೆ ಹರಡಿ, ಬೇಕಾದಂತೆ ಜೋಡಿಸಿ, ಓಡಿಸಿ, ಬಿಚ್ಚಿ, ಮರುದಿನ ಬೇರೊಂದು ಆಕಾರದಲ್ಲಿ ಜೋಡಿಸಬಲ್ಲುದು.

ಇದರಲ್ಲಿ ದೋಷಗಳಿಲ್ಲದೆ ಇಲ್ಲ. ತುಂಡುಗಳು ಹೆಚ್ಚಾದಷ್ಟೂ ಸಂದುಗಳು ಹೆಚ್ಚು. ಪದೇ ಪದೇ ಬಿಚ್ಚಿ ಜೋಡಿಸಿದುದರಿಂದ ಫಿಷ್‌ಪ್ಲೇಟು ಸಡಿಲವಾಗಿ, ವಿದ್ಯುತ್ತು ಪ್ರತಿ ಸಂದಿನಲ್ಲಿಯೂ ಸ್ವಲ್ಪ ಸ್ವಲ್ಪ ಸೋರಿ, ದೂರದ ಮೂಲೆಗೆ ಹೋದಾಗ ಎಂಜಿನು ನಿಧಾನವಾಗುವುದು. ಹಿಂದಿನ ಕಾಲದ ಅನೇಕ ಪೆಟ್ಟಿಗೆಗಳಲ್ಲಿ ಕಂಬಿಯು ಉಕ್ಕಿನದಾಗಿತ್ತು. ಅದು ತೇವಕ್ಕೆ ತುಕ್ಕು ಹಿಡಿಯುವುದು. ಈಗ ಬಳಕೆಯಲ್ಲಿರುವುದು ನಿಕಲ್ ಸಿಲ್ವರ್ ಎಂಬ ಮಿಶ್ರಲೋಹ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ಸತು, ನಿಕಲ್ ಮಾತ್ರ. ಆದರೂ ತುಕ್ಕು ಹಿಡಿಯದೆ ಕೆಲಸಮಾಡುವುದು. ಇನ್ನು ತಿರುವುಗಳು. ಪೆಟ್ಟಿಗೆಯ ತಿರುವಿನ ತ್ರಿಜ್ಯವು ಸಾಮಾನ್ಯವಾಗಿ 438 ಮಿಲಿಮೀಟರು. ಇಂಗ್ಲೆಂಡಿನ ಮಾದರಿಗಳು ನಿಜವಾದ ರೈಲಿನ ಸುಮಾರು 76ನೆಯ ಒಂದು ಪಾಲು. ಆ ಲೆಕ್ಕದಲ್ಲಿ ಅದು 33 ಮೀಟರಿನ ತಿರುವಾಯಿತು. ನಮ್ಮ ದೇಶದ ಬ್ರಾಡ್‌ಗೇಜ್ ದಾರಿಗಳಲ್ಲಿ ಅತ್ಯಂತ ಬಿಗಿಯಾದ ತಿರುವಿಗೂ 175 ಮೀಟರು ತ್ರಿಜ್ಯವಿರಬೇಕೆಂಬುದನ್ನು ನೆನೆದರೆ, ಆಟದ ಎಂಜಿನು ಅಲ್ಲಿ ಹೇಗೆ ನರಳಬೇಕೆಂಬುದು ತಿಳಿಯುವುದು.

ಆದುದರಿಂದ ಆಟದಲ್ಲಿ ರುಚಿ ಹುಟ್ಟಿದವರು ಕಂಬಿಯನ್ನು ಉತ್ತಮಪಡಿಸಲು ಹೊರಡುವರು. ಸುಮಾರು 914 ಮಿಲಿಮೀಟರು, ಎಂದರೆ ಒಂದು ಗಜ, ಉದ್ದವಾಗಿ ಬರುವ ಬಾಗುವ ಕಂಬಿಯನ್ನು ತಂದು ಕೈಯಿಂದಲೇ ಬೇಕಾದ ತಿರುವನ್ನು ಕೊಡುವರು. ಇದರಿಂದ ಸಂದುಗಳು ಕಡಿಮೆಯಾಗುವುವು, ತಿರುವು ವಿಶಾಲವಾಗುವುದು. ಅಲ್ಲಲ್ಲಿ ಕಂಬಿಗೆ ತಂತಿಯನ್ನು ಬೆಸೆದು ಎಲ್ಲ ಭಾಗಕ್ಕೂ ವಿದ್ಯುತ್ತು ಸಮನಾಗಿ ತಲಪುವಂತೆ ಮಾಡುವರು. ದಾರಿ ಕವಲೊಡೆಯುವ ಪಾಯಿಂಟುಗಳಲ್ಲಿ ಕಂಬಿಗಳು ಒಂದನ್ನೊಂದು ದಾಟುವ ಎಡೆಯು ಅಗ್ಗದ ಮಾದರಿಗಳಲ್ಲಿ ಪ್ಲಾಸ್ಟಿಕ್ಕಿನದು. ನಾಲ್ಕೇ ಚಕ್ರಗಳ ಚಿಕ್ಕ ಎಂಜಿನು ಅಲ್ಲಿ ವಿದ್ಯುತ್ತು ಸಿಗದೆ ನಿಂತುಬಿಡುವುದು. ಅದನ್ನು ತೆಗೆದು ಲೋಹದ್ದನ್ನು ಹಾಕುವರು. ಕೊನೆಗೆ ಕಾರ್ಕಿನ ಹಾಸುಗೆಯ ಮೇಲೆ ಕಂಬಿಯನ್ನು ಮೊಳೆಯಿಂದ ಭದ್ರಪಡಿಸಿ, ಸಣ್ಣ ಜಲ್ಲಿಯನ್ನು ಸುರಿದು, ನೀರು ಬೆರೆಸಿದ ಅಂಟನ್ನು ತೊಟ್ಟಿಕ್ಕಿಸಿ ಕಲ್ಲಿನಂತೆ ಮಾಡುವರು. ಆಗ ಅದು ನೋಡಲು ನಿಜವಾದ ರೈಲುದಾರಿಯಂತೆಯೇ ಇರುವುದು.

ಇಲ್ಲಿ ಎರಡು ಪಕ್ಷಗಳು ಏಳುವುವು. ಆಟವು ಆಟವೇ, ಮಗುವಿಗೆ ರೈಲು ಸುತ್ತಿದರೆ ಸಾಕು, ಇಷ್ಟೊಂದು ಹಣವನ್ನೂ ಶ್ರಮವನ್ನೂ ಕಂಬಿಗೆ ಸುರಿಯುವುದು ವ್ಯರ್ಥವೆಂಬುದು ಒಂದು ಪಕ್ಷ. ಮಾಡುವುದನ್ನು ಸರಿಯಾಗಿ ಮಾಡಬೇಕು, ತಪ್ಪಿರುವುದನ್ನು ತಪ್ಪೆಂದು ತಿಳಿದ ಮೇಲೂ ಇರಗೊಡುವುದು ಆಲಸ್ಯವೆಂಬುದು ಇನ್ನೊಂದು. ಮೊದಲನೆಯ ಪಕ್ಷವು ಆಟವನ್ನು ಹಗುರವಾಗಿ ಎಣಿಸುವುದು. ಮಗುವು ಆಟದಲ್ಲಿ ತೋರುವ ತನ್ಮಯತೆಯನ್ನು ನೋಡಿದವರು ಈ ಮಾತನ್ನು ಒಪ್ಪಲಾರರು; ಪ್ರತಿ ಸುತ್ತಿನಲ್ಲಿಯೂ ಒಂದೇ ಸಂದಿನಲ್ಲಿ ಹಳಿ ತಪ್ಪುವ ರೈಲು ಆ ಮಗುವಿಗೆ ನಿಜವಾದ ದುಃಖವನ್ನೇ ಕೊಡುವುದು. ಎರಡನೆಯ ಪಕ್ಷವು ಮೇಲುನೋಟಕ್ಕೆ ನಿರ್ದುಷ್ಟವಾಗಿದೆ. ಆದರೆ ಅದರಲ್ಲಿರುವ ‘ಸರಿ’ ಎಂಬ ಶಬ್ದವನ್ನು ಪರೀಕ್ಷಿಸಬೇಕು.

ಯಾವುದು ಸರಿ? ಮೇಲೆ ಹೇಳಿದ 16.5 ಮಿಲಿಮೀಟರಿನ ಗೇಜನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾದರಿಗಳಲ್ಲಿ ಒಂದು ಅಡಿಗೆ 4 ಮಿಲಿಮೀಟರು ಪ್ರಮಾಣ. ಆ ದೇಶದ ನಿಜವಾದ ಗೇಜು 4 ಅಡಿ 8½ ಅಂಗುಲ. ಆದ್ದರಿಂದ ಮಾದರಿಯ ಗೇಜು 18.83 ಮಿಲಿಮೀಟರು ಇರತಕ್ಕದ್ದು. ಇರುವ ಗೇಜಿನ ಲೆಕ್ಕಕ್ಕೆ ಅದು 4 ಅಡಿ 1½ ಅಂಗುಲವೇ ಆಗುವುದು. ಏಳು ಅಂಗುಲ ಕಡಿಮೆ. ಇದಕ್ಕೆ ಕಾರಣವುಂಟು. ಇಂಗ್ಲೆಂಡಿನ ಎಂಜಿನುಗಳು ಯೂರೋಪಿನ ಇತರ ದೇಶಗಳವುಗಳಿಗಿಂತ ಗಾತ್ರದಲ್ಲಿ ಚಿಕ್ಕವು. ಆ ಕಾಲದ ವಿದ್ಯುತ್ ಮೋಟಾರುಗಳು ಅವುಗಳ ಮಾದರಿಯೊಳಗೆ ಹಿಡಿಯುತ್ತಿರಲಿಲ್ಲ. ಆದಕಾರಣ ಬಂಡಿಯ ಪ್ರಮಾಣವನ್ನು ಹಿಗ್ಗಿಸಿ ಕಂಬಿಯನ್ನು ಹಿಂದಿನಂತೆಯೇ ಬಿಟ್ಟರು. ಮೋಟಾರುಗಳು ಸಣ್ಣವಾದ ಮೇಲೂ ಈ ಅಳತೆ ಉಳಿದುಕೊಂಡಿತು, ಏಕೆಂದರೆ ಸಾವಿರಾರು ಮನೆಗಳ ಬಂಡಿಗಳೆಲ್ಲವೂ ಅದರ ಮೇಲೆಯೇ ಓಡುತ್ತಿದ್ದುವು. 1960ರ ದಶಕದಲ್ಲಿ ಕೆಲವರು 18.83ರ ಯಥಾರ್ಥವಾದ ಗೇಜನ್ನು ಕೈಗೊಂಡರು. ಅವರ ಸತ್ಯನಿಷ್ಠೆ ಶ್ಲಾಘ್ಯವಾದುದು. ಆದರೆ ಅವರ ಕಂಬಿಯ ಮೇಲೆ ನೆರೆಮನೆಯ ಹುಡುಗನ ಎಂಜಿನು ಓಡಲಾರದು.

ಇದರಿಂದ ತಿಳಿಯಬೇಕಾದುದಿಷ್ಟು: ಕಂಬಿಯಲ್ಲಿ ‘ಸರಿ’ ಎಂಬುದು ಒಂದಲ್ಲ. ಮೂಲಕ್ಕೆ ಸದೃಶವಾಗಿರುವುದು ಒಂದು ಸರಿ; ತಡೆಯಿಲ್ಲದೆ ಓಡುವುದು ಇನ್ನೊಂದು; ಇತರರೊಡನೆ ಹಂಚಿಕೊಳ್ಳಲು ಬರುವುದು ಮತ್ತೊಂದು; ಆಡುವವನ ಕೈಗೆ ನಿಲುಕುವುದು ಬೇರೊಂದು. ಇವುಗಳಲ್ಲಿ ಒಂದನ್ನು ಹೆಚ್ಚಿಸಿದರೆ ಮತ್ತೊಂದು ಕುಗ್ಗುವ ಸಂಭವವುಂಟು. ಪ್ರಾರಂಭಿಕನ ಕಂಬಿಯಲ್ಲಿ ಮೊದಲನೆಯದು ಬಹಳ ಕಡಿಮೆ, ಎರಡನೆಯದು ಮಧ್ಯಮ, ಮೂರನೆಯದೂ ನಾಲ್ಕನೆಯದೂ ಪೂರ್ಣ. ಹಿರಿಯರು ಉತ್ತಮಪಡಿಸಲು ಹೊರಟಾಗ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೋಡುವರು, ಏಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ.

ನನ್ನ ಪರಿಚಿತರಾದ ಒಬ್ಬ ಗೃಹಸ್ಥರ ಮನೆಯಲ್ಲಿ ನಡೆದುದನ್ನು ಉದಾಹರಣೆಯಾಗಿ ಹೇಳಬಹುದು. ಮಗನ ಏಳನೆಯ ಹುಟ್ಟುಹಬ್ಬಕ್ಕೆ ಅವರು ಒಂದು ರೈಲಿನ ಪೆಟ್ಟಿಗೆಯನ್ನು ತರಿಸಿಕೊಟ್ಟರು. ಬಾಲಕನು ಅದನ್ನು ನಡುಮನೆಯಲ್ಲಿ ಹರಡಿ, ಮಣೆಯನ್ನು ಸ್ಟೇಷನ್ನಾಗಿಯೂ ಒರಳುಕಲ್ಲನ್ನು ಬೆಟ್ಟವಾಗಿಯೂ ಮಾಡಿಕೊಂಡು ಆಡುತ್ತಿದ್ದನು. ತಂದೆಯು ಬುದ್ಧಿವಂತರು, ಕೈಕುಶಲರು. ಸಂದುಗಳ ದೋಷವನ್ನು ಕಂಡು, ಹೊಸ ಕಂಬಿಯನ್ನು ತರಿಸಿ, ಮಹಡಿಯ ಮೇಲೆ ದೊಡ್ಡ ಹಲಗೆಯೊಂದನ್ನು ನಿಲ್ಲಿಸಿ, ತಿಂಗಳುಗಟ್ಟಲೆ ರಾತ್ರಿಯೆಲ್ಲ ದುಡಿದು, ನೋಡಿದವರು ತಲೆದೂಗುವಂತಹ ದಾರಿಯನ್ನು ನಿರ್ಮಿಸಿದರು. ನಾನು ಅದನ್ನು ನೋಡಿ ಸಂತೋಷಪಟ್ಟು, ಪಕ್ಕದಲ್ಲಿ ನಿಂತಿದ್ದ ಹುಡುಗನನ್ನು, ‘ನಿನ್ನ ರೈಲು ಬಹಳ ಚೆನ್ನಾಗಿದೆಯಪ್ಪ’ ಎಂದೆನು. ಅವನು ಯಾವ ಅಸಮಾಧಾನವೂ ಇಲ್ಲದೆ, ‘ಇದು ನನ್ನದಲ್ಲ ತಾತ, ಅಪ್ಪನದು. ನನ್ನದು ಡಬ್ಬದಲ್ಲಿದೆ’ ಎಂದನು. ತಂದೆಯು ನಕ್ಕರು. ಆದರೆ ಆ ಮಾತು ಆ ದಿನದಿಂದ ನನ್ನನ್ನು ಬಿಟ್ಟಿಲ್ಲ.

ಆ ತಂದೆಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರು ಹಣವನ್ನೂ ನಿದ್ರೆಯನ್ನೂ ವ್ಯಯಮಾಡಿದುದು ಪ್ರೀತಿಯಿಂದಲೇ. ಹಿರಿಯರಿಗೂ ಆಟವು ಬೇಕು. ಅದನ್ನು ತಮ್ಮ ಆಟವೆಂದು ಹೇಳಿಕೊಂಡು ಆಡಿದರೆ ಯಾವ ಆಕ್ಷೇಪಣೆಯೂ ಇಲ್ಲ. ಪ್ರಶ್ನೆ ಇರುವುದು, ಮಗುವಿನದನ್ನು ಮಗುವಿಗಾಗಿ ತಿದ್ದುತ್ತೇವೆಂದು ಹೊರಟು, ತಿದ್ದಿ ಮುಗಿಸುವ ಹೊತ್ತಿಗೆ ಅದು ಮಗುವಿನದಾಗಿ ಉಳಿಯದಿದ್ದರೆ ಅದನ್ನು ಉಪಕಾರವೆನ್ನಬಹುದೇ ಎಂಬಲ್ಲಿ. ಅಂಟು ಹಾಕಿ ಭದ್ರಪಡಿಸಿದ ಕಂಬಿಯನ್ನು ಹುಡುಗನು ಬಿಚ್ಚಲಾರನು. ನಾಳೆ ಬೇರೆ ಆಕಾರ ಬೇಕೆಂದರೆ ಅವನಿಗೆ ಅಧಿಕಾರವಿಲ್ಲ. ಅವನ ಪಾಲಿಗೆ ಉಳಿದಿರುವುದು ಗುಂಡಿಯನ್ನು ತಿರುಗಿಸಿ ನೋಡುವುದೊಂದೇ.

ವ್ಯಾಕರಣಶಾಸ್ತ್ರದಲ್ಲಿ ಪಾಣಿನಿಯು ಕರ್ತೃವಿಗೆ ಹೇಳುವ ಲಕ್ಷಣವು ಸ್ವಾತಂತ್ರ್ಯ. ಪಾಠಶಾಲೆಯಲ್ಲಿ ಬಾಲ್ಯದಲ್ಲಿ ಇದನ್ನು ಉರುಹೊಡೆಯುವಾಗ ಇದು ಬರಿಯ ವಾಕ್ಯರಚನೆಯ ನಿಯಮವೆಂದು ತೋರುವುದು. ವಯಸ್ಸಾದ ಮೇಲೆ ಇದರಲ್ಲಿ ನೀತಿಯೂ ಇದೆಯೆಂದು ತಿಳಿಯುವುದು. ಮಾಡುವುದಕ್ಕೂ, ಬಿಡುವುದಕ್ಕೂ, ಬೇರೆ ಬಗೆಯಾಗಿ ಮಾಡುವುದಕ್ಕೂ ಶಕ್ತನಾದವನು ಕರ್ತೃ. ಪೆಟ್ಟಿಗೆಯ ಕಂಬಿಯ ಮುಂದೆ ಆ ಹುಡುಗನು ಕರ್ತೃವಾಗಿದ್ದನು. ಮಹಡಿಯ ಹಲಗೆಯ ಮುಂದೆ ಅವನು ಪ್ರೇಕ್ಷಕ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಹಾಗಾದರೆ ಮಗುವನ್ನು ಪ್ರಾರಂಭದ ಸ್ಥಿತಿಯಲ್ಲಿಯೇ ಬಿಟ್ಟುಬಿಡಬೇಕೇ? ಶಾಸ್ತ್ರಕಾರರು ಸ್ಥೂಲಾರುಂಧತೀನ್ಯಾಯವೆಂಬುದೊಂದನ್ನು ಹೇಳುವರು. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಇದನ್ನು ಉಪಯೋಗಿಸಿದ್ದಾರೆ. ವಿವಾಹದಲ್ಲಿ ವಧುವಿಗೆ ಅರುಂಧತೀ ನಕ್ಷತ್ರವನ್ನು ತೋರಿಸಬೇಕು. ಅದು ಅತಿ ಸೂಕ್ಷ್ಮವಾದ ಕಾರಣ, ಹತ್ತಿರದ ದೊಡ್ಡ ನಕ್ಷತ್ರವನ್ನೇ ಮೊದಲು ಅರುಂಧತಿಯೆಂದು ತೋರಿಸಿ, ದೃಷ್ಟಿಯು ಅಲ್ಲಿ ನಿಂತ ಮೇಲೆ, ಅದಲ್ಲ, ಅದರ ಪಕ್ಕದ್ದು ಎಂದು ನಿಜವಾದುದನ್ನು ತೋರಿಸುವರು. ಪ್ರಾರಂಭಿಕನ ಕಂಬಿಯು ದೊಡ್ಡ ನಕ್ಷತ್ರದಂತೆ. ಅಲ್ಲಿಯೇ ನಿಲ್ಲಿಸಿದರೆ ಅರುಂಧತಿಯ ದರ್ಶನವಾಗಲಿಲ್ಲ. ಈ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಈ ನ್ಯಾಯದಲ್ಲಿಯೇ ಉತ್ತರವೂ ಇದೆ. ನೋಡಬೇಕಾದವಳು ವಧು. ದೊಡ್ಡ ನಕ್ಷತ್ರದಿಂದ ಚಿಕ್ಕದಕ್ಕೆ ಸರಿಯಬೇಕಾದುದು ಅವಳ ದೃಷ್ಟಿ. ಪುರೋಹಿತನು ಅವಳಿಗೆ ಬದಲಾಗಿ ತಾನೇ ನೋಡಿ, ‘ಬಹಳ ಚೆನ್ನಾಗಿ ಕಂಡಿತು’ ಎಂದು ಒಳಗೆ ಹೋದರೆ ವಿಧಿಯು ನೆರವೇರಿದಂತಾಗುವುದೇ? ತೋರಿಸುವುದು ಬೆರಳಿನ ಕೆಲಸ. ಬೆರಳಿಗೆ ಅಷ್ಟೇ ಅಧಿಕಾರ.

ಪಾಠಶಾಲೆಗಳಲ್ಲಿ ಇದೇ ವಿಷಯವು ದಿನವೂ ಎದುರಾಗುವುದು. ವಿದ್ಯಾರ್ಥಿಯು ಬರೆದ ಪ್ರಬಂಧವನ್ನು ತಿದ್ದುವಾಗ ಕೆಲವು ಉಪಾಧ್ಯಾಯರು ತಪ್ಪಿನ ಕೆಳಗೆ ಗೆರೆಯೆಳೆದು ಹಿಂದಕ್ಕೆ ಕೊಡುವರು. ಕೆಲವರು ವಾಕ್ಯವನ್ನೇ ಹೊಡೆದುಹಾಕಿ ತಮ್ಮ ವಾಕ್ಯವನ್ನು ಬರೆಯುವರು. ಎರಡನೆಯ ವಿಧದಲ್ಲಿ ಪ್ರಬಂಧವು ಶುದ್ಧವಾಗುವುದು, ವಿದ್ಯಾರ್ಥಿಯು ಇದ್ದಲ್ಲಿಯೇ ಇರುವನು. ವಾರ್ಷಿಕೋತ್ಸವದಲ್ಲಿ ಬಹುಮಾನ ಪಡೆದ ಇಂತಹ ಪ್ರಬಂಧವನ್ನು ಓದುವ ಹುಡುಗನ ಮುಖವನ್ನು ಗಮನಿಸಿದರೆ, ಚಪ್ಪಾಳೆ ಯಾರಿಗೆ ಸಲ್ಲಬೇಕೆಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿರುವುದು ಕಾಣುವುದು.

ಕಾಲದ ಪ್ರಶ್ನೆಯೊಂದು ಉಳಿದಿದೆ. ನಿಜವಾದ ರೈಲುದಾರಿಗಳನ್ನು ಉತ್ತಮಪಡಿಸುವಾಗಲೂ ಇದು ಏಳುವುದು. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯವರು 1892ರ ಮೇ ತಿಂಗಳಲ್ಲಿ ತಮ್ಮ 7 ಅಡಿಯ ಗೇಜಿನ ಕೊನೆಯ ಭಾಗವನ್ನು ಎರಡೇ ದಿನಗಳಲ್ಲಿ ಬದಲಾಯಿಸಿದರು. ಸಾವಿರಾರು ಕೆಲಸಗಾರರನ್ನು ಮುಂಚಿತವಾಗಿ ದಾರಿಯುದ್ದಕ್ಕೂ ನಿಲ್ಲಿಸಿದ್ದರು. ನಮ್ಮಲ್ಲಿ ಎಲ್ಲ ದಾರಿಗಳನ್ನೂ ಒಂದೇ ಗೇಜಿಗೆ ತರುವ ಯೋಜನೆಯು 1992ರಲ್ಲಿ ಪ್ರಾರಂಭವಾಯಿತು. ಹಾಸನ ಮಂಗಳೂರುಗಳ ನಡುವಣ ಘಟ್ಟದ ಮೀಟರ್‌ಗೇಜ್ ದಾರಿಯಲ್ಲಿ ಇದಕ್ಕಾಗಿ 1996ರಲ್ಲಿ ನಿಂತ ಪ್ರಯಾಣಿಕರ ಸಂಚಾರವು ಮತ್ತೆ ಪ್ರಾರಂಭವಾದುದು 2007ರ ಕೊನೆಯಲ್ಲಿ. ಕಡಿದಾದ ಘಟ್ಟದಲ್ಲಿ ಕೆಲಸವು ಕಷ್ಟವಾದುದೆಂಬುದು ನಿಜ. ಹೊಸ ದಾರಿಯು ಉತ್ತಮವೆಂಬುದೂ ನಿಜ. ಆದರೆ 1996ರಲ್ಲಿ ಎಂಟು ವರ್ಷದವನಾಗಿದ್ದ ಸಕಲೇಶಪುರದ ಬಾಲಕನು ಆ ದಾರಿಯಲ್ಲಿ ಮತ್ತೆ ರೈಲು ಹತ್ತುವ ಹೊತ್ತಿಗೆ ಹತ್ತೊಂಬತ್ತರ ಯುವಕನಾಗಿದ್ದನು. ದೇಶಕ್ಕೆ ಹನ್ನೊಂದು ವರ್ಷವು ಅಲ್ಪಕಾಲವಾಗಿರಬಹುದು. ಬಾಲ್ಯಕ್ಕೆ ಅದು ಸರ್ವಸ್ವ. ಮನೆಯ ಹಲಗೆಯ ಮೇಲೂ ಹೀಗೆಯೇ ನಡೆಯುವುದುಂಟು. ಹಳೆಯ ಕಂಬಿಯನ್ನು ಕಿತ್ತಾಯಿತು, ಹೊಸದು ಅರ್ಧವಾಯಿತು, ಕಚೇರಿಯ ಕೆಲಸ ಬಂದಿತು, ಮಳೆಗಾಲ ಬಂದಿತು. ಕೆಲಸವು ಮುಗಿಯುವ ವೇಳೆಗೆ ಹುಡುಗನ ಮನಸ್ಸು ಕ್ರಿಕೆಟ್ಟಿಗೆ ಹೋಗಿರುವುದು.

ಹಾಗಾದರೆ ಮಾಡತಕ್ಕದ್ದೇನು? ನನಗೆ ತೋರುವ ಕ್ರಮವನ್ನು ಹೇಳುತ್ತೇನೆ. ಮೊದಲು ಮಗುವಿನಲ್ಲಿ ಜಿಜ್ಞಾಸೆ ಹುಟ್ಟುವವರೆಗೆ ಕಾಯಬೇಕು. ‘ಯಾವಾಗಲೂ ಇಲ್ಲಿಯೇ ಏಕೆ ಬೀಳುತ್ತದೆ?’ ಎಂದು ಅದು ತಾನಾಗಿ ಕೇಳಿದ ದಿನವೇ ಕೆಲಸಕ್ಕೆ ಶುಭಮುಹೂರ್ತ. ಆಗಲೂ ಉತ್ತರವನ್ನು ಕೊಡದೆ, ಬೆರಳನ್ನು ಸಂದಿನ ಮೇಲೆ ಎಳೆದು ನೋಡೆನ್ನಬೇಕು. ಏರುತಗ್ಗು ಬೆರಳಿಗೇ ತಿಳಿಯುವುದು. ಅನೇಕ ದೋಷಗಳು ಹೊಸ ಕಂಬಿಯಿಲ್ಲದೆ, ಒರೆಸುವುದರಿಂದಲೂ, ಫಿಷ್‌ಪ್ಲೇಟನ್ನು ಇಕ್ಕುಳದಿಂದ ಸ್ವಲ್ಪ ಬಿಗಿಮಾಡುವುದರಿಂದಲೂ, ಸಮತಟ್ಟಾದ ಹಲಗೆಯ ಮೇಲೆ ಇಡುವುದರಿಂದಲೂ ಪರಿಹಾರವಾಗುವುವು. ಬಳಿಕ ದೂರದ ಮೂಲೆಗೆ ತಂತಿಯನ್ನು ಬೆಸೆಯಬಹುದು. ಕಾದ ಸಲಕರಣೆಯನ್ನು ಹಿರಿಯನು ಹಿಡಿಯಲಿ. ಯಾವ ಸ್ಥಳದಲ್ಲಿ ಬೆಸೆಯಬೇಕೆಂಬುದನ್ನು ಮಗುವು ಓಡಿಸಿ ನೋಡಿ ಹೇಳಲಿ. ಆಮೇಲೆ ಬಿಗಿಯಾದ ತಿರುವನ್ನು ತೆಗೆದು, ಬಿಚ್ಚಲು ಬರುವ ತುಂಡುಗಳಲ್ಲಿಯೇ ವಿಶಾಲವಾದುದನ್ನು ಇಡಬಹುದು. ಒಂದೇ ಬಾರಿಗೆ ಎಲ್ಲವನ್ನೂ ಕೀಳದೆ, ಸಂಜೆಗೆ ರೈಲು ಓಡುವಷ್ಟನ್ನೇ ಬೆಳಿಗ್ಗೆ ಕೀಳಬೇಕು.

ಬಾಗುವ ಕಂಬಿಯನ್ನು ಕೊಳ್ಳುವಾಗ ಒಂದು ಆಯ್ಕೆ ಎದುರಾಗುವುದು. ಕಂಬಿಯ ಎತ್ತರವನ್ನು ಅಂಗುಲದ ಸಾವಿರದ ಅಂಶಗಳಲ್ಲಿ ಎಣಿಸಿ ಕೋಡ್ 100, ಕೋಡ್ 75 ಎಂದು ಹೆಸರಿಡುವರು. ಮೊದಲನೆಯದರ ಎತ್ತರ 2.54 ಮಿಲಿಮೀಟರು, ಲೆಕ್ಕಹಾಕಿದರೆ ಸುಮಾರು 193 ಮಿಲಿಮೀಟರಿನ ಕಂಬಿಯಾಗುವುದು. ನಮ್ಮ ಮುಖ್ಯದಾರಿಗಳಲ್ಲಿರುವ 60 ಕಿಲೋಗ್ರಾಂ ತೂಕದ ಕಂಬಿಯ ಎತ್ತರವೇ 172 ಮಿಲಿಮೀಟರು. ಆದ್ದರಿಂದ ಕೋಡ್ 100 ಸ್ವಲ್ಪ ಒರಟಾಗಿ ಕಾಣುವುದು. ಕೋಡ್ 75 ನೋಡಲು ಸುಂದರ. ಆದರೆ ಹಿಂದಿನ ಬಂಡಿಗಳ ಚಕ್ರಗಳಿಗೆ ಅಂಚು ಆಳವಾಗಿರುವುದರಿಂದ ಅವು ಕೋಡ್ 75ರ ಮೇಲೆ ಕುಣಿಯುತ್ತ ಹೋಗುವುವು. ಹಳೆಯ ತುಂಡುಗಳೂ ಅದಕ್ಕೆ ನೇರವಾಗಿ ಕೂಡವು. ಕೋಡ್ 100 ಆದರೋ ಪೆಟ್ಟಿಗೆಯ ತುಂಡುಗಳೊಡನೆ ನೇರವಾಗಿ ಸೇರುವುದು, ಅಜ್ಜನ ಕಾಲದ ಬಂಡಿಯನ್ನೂ ಹೊರುವುದು. ಮಗುವಿರುವ ಮನೆಯಲ್ಲಿ ಒರಟಾದರೂ ಇದೇ ಮೇಲೆಂಬುದು ನನ್ನ ಅಭಿಪ್ರಾಯ. ಹಳೆಯದನ್ನು ಹೊರಹಾಕದೆ ಕೈಹಿಡಿದು ನಡೆಸುವ ಸುಧಾರಣೆಗೆ ಸ್ವಲ್ಪ ಅಂದವು ಕಡಿಮೆಯಾದರೂ ಚಿಂತೆಯಿಲ್ಲ. ಇನ್ನು ಜಲ್ಲಿಯನ್ನೂ ಅಂಟನ್ನೂ ಎಲ್ಲಕ್ಕಿಂತ ಕೊನೆಗೆ, ‘ಇನ್ನು ಈ ದಾರಿಯನ್ನು ಬದಲಾಯಿಸುವುದಿಲ್ಲ’ ಎಂದು ಆಡುವವನೇ ಹೇಳಿದ ಮೇಲೆ ಹಾಕತಕ್ಕದ್ದು. ಅವನು ಎಂದಿಗೂ ಹೇಳದಿದ್ದರೆ ಹಾಕಬಾರದು.

ಈ ಕ್ರಮದಲ್ಲಿ ದಾರಿಯು ನಿಧಾನವಾಗಿ ಸಾಗುವುದು. ನುರಿತವನು ಒಂದು ವಾರದಲ್ಲಿ ಮಾಡುವುದಕ್ಕೆ ಒಂದು ವರ್ಷ ಹಿಡಿಯಬಹುದು. ಮುಗಿದ ಮೇಲೂ ಅಲ್ಲಲ್ಲಿ ಸೊಟ್ಟಾಗಿರಬಹುದು. ನೆಂಟರು ಬಂದಾಗ ತೋರಿಸಿ ಹೊಗಳಿಸಿಕೊಳ್ಳಲು ಅಷ್ಟು ಯೋಗ್ಯವಾಗಿರಲಾರದು. ಆದರೆ ಆ ಸೊಟ್ಟನ್ನು ಹಾಕಿದವನು ಯಾರು, ಅದನ್ನು ಮುಂದೆ ನೆಟ್ಟಗೆ ಮಾಡಬಲ್ಲವನು ಯಾರು ಎಂದು ಕೇಳಿದರೆ, ಎರಡಕ್ಕೂ ಒಂದೇ ಉತ್ತರ ದೊರೆಯುವುದು. ಕಿರಿಯರ ಕೈಯಲ್ಲಿರುವುದನ್ನು ತಿದ್ದುವ ಅಧಿಕಾರವು ಪ್ರೀತಿಯಿಂದ ಮಾತ್ರ ಬರುವುದಿಲ್ಲ, ತಿಳಿವಳಿಕೆಯಿಂದ ಮಾತ್ರವೂ ಬರುವುದಿಲ್ಲ. ತಿದ್ದಿದ ಮೇಲೆಯೂ ಅದು ಅವರದಾಗಿಯೇ ಉಳಿಯುವಂತೆ ತಿದ್ದಬಲ್ಲವನಿಗೆ ಮಾತ್ರ ಆ ಅಧಿಕಾರವುಂಟು. ಅಕ್ಷರ ಕಲಿಸುವವರಿಗೂ, ಮಕ್ಕಳ ವೃತ್ತಿಯನ್ನು ಗೊತ್ತುಮಾಡುವ ತಾಯಿತಂದೆಗಳಿಗೂ, ಜನರ ಹಿತಕ್ಕಾಗಿ ಊರುಗಳನ್ನು ಸುಧಾರಿಸುವವರಿಗೂ ಈ ನಿಯಮವು ಅನ್ವಯಿಸುವುದೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೂ ಅಷ್ಟು ದೊಡ್ಡ ವಿಷಯಗಳಿಗೆ ಹೋಗುವ ಮುನ್ನ, ಮಹಡಿಯ ಮೇಲಿನ ಡಬ್ಬವನ್ನು ಕೆಳಗಿಳಿಸಿ ನಡುಮನೆಯಲ್ಲಿ ಇಟ್ಟು ಪ್ರಾರಂಭಿಸುವುದು ಸುಲಭ.